ಸಿದ್ಧ ಗ್ರಾಫೀನ್ ಟ್ರಾನ್ಸಿಸ್ಟರ್ ಚಿಪ್ಪು: ಕರಾವಳಿಯ ಲ್ಯಾಬಿಗೆ ತರಿಸಬಹುದೇ?

ತರಿಸಬಹುದು. ಆದರೆ ಪೊಟ್ಟಣ ಬಿಚ್ಚಿದ ದಿನವೇ ಸೆನ್ಸರ್ ಕೈಗೆ ಬಂತು ಎಂದುಕೊಂಡರೆ ದುಡ್ಡು ಹೊಳೆಗೆ ಹಾಕಿದ ಹಾಗೆ. ಬರುವುದು ಟ್ರಾನ್ಸಿಸ್ಟರ್ ಮಾತ್ರ: ಗ್ರಾಫೀನ್ ಎಂಬ ಒಂದು ಪರಮಾಣು ದಪ್ಪದ ಇಂಗಾಲದ ಹಾಳೆ, ಮೇಲೆ ವಿದ್ಯುದಂಶ ಇರುವ ಅಣು ಬಂದು ಕೂತರೆ ಅದರಲ್ಲಿ ಹರಿಯುವ ಕರೆಂಟು ಬದಲಾಗುತ್ತದೆ. ಅದರ ಮೇಲೆ ಆ್ಯಂಟಿಬಾಡಿಯಂಥ ಪ್ರೋಟೀನ್ ಕೂರಿಸುವುದು, ಅದು ಕೂತಿದೆಯೇ ಎಂದು ನೋಡುವುದು, ಕೂತ ಮೇಲೂ ತನ್ನ ಜೋಡಿಯನ್ನು, ಅಂದರೆ ನಾವು ಹುಡುಕುವ ಅಣುವನ್ನು, ಹಿಡಿಯುತ್ತದೆಯೇ ಎಂದು ತೋರಿಸುವುದು, ಇದೆಲ್ಲ ಕೊಂಡವರ ಪಾಲಿನ ಕೆಲಸ. ಚಿಪ್ಪಿನ ಜೊತೆ ಬರುವ ಕಾಗದ ಈ ಭಾಗವನ್ನು ನಾಲ್ಕು ಸಾಲಿನಲ್ಲಿ ಮುಗಿಸಿಬಿಡುತ್ತದೆ. ಸುರತ್ಕಲ್, ಕೊಣಾಜೆ, ಮಣಿಪಾಲದ ಕಡೆ ಈ ಕೆಲಸಕ್ಕೆ ಕೈಹಾಕುವವರಿಗೆ ಆ ನಾಲ್ಕು ಸಾಲಿನ ನಡುವೆ ಬಿಟ್ಟುಹೋದದ್ದು ತಿಳಿದಿರಬೇಕು ಎಂಬ ಕಾರಣಕ್ಕೆ ಈ ವಿಮರ್ಶೆ ಉದ್ದವಾಗಿದೆ.

ಇದು ಒಂದು ಕಂಪನಿಯ ಮೇಲಿನ ತೀರ್ಪಲ್ಲ. ಹೊರದೇಶದ ಹಲವರು ಈಗ ಹೆಚ್ಚುಕಡಿಮೆ ಒಂದೇ ಬಗೆಯ ಚಿಪ್ಪು ಮಾರುತ್ತಾರೆ: 10 ಮಿಲಿಮೀಟರ್ ಚೌಕದ ಸಿಲಿಕಾನ್ ತುಂಡು, ಅದರ ಮೇಲೆ ಆಕ್ಸೈಡ್ ಪದರ, ನಡುವೆ ಹತ್ತು ಹನ್ನೆರಡು ಗ್ರಾಫೀನ್ ಪಟ್ಟಿಗಳು, ಅಂಚಿನಲ್ಲಿ ಲೋಹದ ಪ್ಯಾಡ್‌ಗಳು, ತಂತಿಗಳ ಮೇಲೆ ದ್ರವ ತಾಗದಂತೆ ಒಂದು ಹೊದಿಕೆ, ಕೆಲವದರಲ್ಲಿ ನಟ್ಟನಡುವೆ ದ್ರವಕ್ಕೆ ವೋಲ್ಟೇಜ್ ಕೊಡುವ ಗೇಟ್ ಎಲೆಕ್ಟ್ರೋಡ್. ಇದನ್ನೇ ಸ್ವಂತ ಮಾಡಲು ಹೊರಟರೆ ತಾಮ್ರದ ಹಾಳೆಯ ಮೇಲೆ ಸುಮಾರು 1000 ಡಿಗ್ರಿಯಲ್ಲಿ ಮೀಥೇನ್ ಹಾಯಿಸಿ ಗ್ರಾಫೀನ್ ಬೆಳೆಸಬೇಕು, ಮೇಲೆ ಪಿಎಂಎಂಎ ಎಂಬ ಪ್ಲಾಸ್ಟಿಕ್ ಸವರಿ ತಾಮ್ರವನ್ನು ಕರಗಿಸಬೇಕು, ತೇಲುವ ಪದರವನ್ನು ಸಿಲಿಕಾನಿನ ಮೇಲೆ ಎತ್ತಿಕೊಳ್ಳಬೇಕು, ಆಮೇಲೆ ಪಟ್ಟಿಗಳ ಆಕಾರ ಮೂಡಿಸುವ ಲಿಥೋಗ್ರಫಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ಕೇಂದ್ರದಲ್ಲಿ ಈ ಸೌಕರ್ಯವೆಲ್ಲ ಇದೆ, ಹೊರಗಿನ ಸಂಶೋಧಕರಿಗೂ ದಾರಿ ಇದೆ. ಚಾನೆಲಿನ, ಅಂದರೆ ಗ್ರಾಫೀನ್ ಪಟ್ಟಿಯ, ಆಕಾರವನ್ನೇ ಬದಲಿಸಿ ನೋಡಬೇಕಾದವರು ಅಲ್ಲಿಗೆ ಹೋಗುವುದೇ ಸರಿ. ನಿಮ್ಮ ಪ್ರಶ್ನೆ ಪ್ರೋಟೀನಿನದ್ದಾದರೆ ಸಿದ್ಧ ಚಿಪ್ಪು ತಿಂಗಳುಗಟ್ಟಲೆ ಉಳಿಸುತ್ತದೆ. ಈ ವಿಷಯದಲ್ಲಿ ಅದಕ್ಕೆ ಪೂರ್ಣ ಅಂಕ.

ಚಿಪ್ಪು ಬಂದ ಕೂಡಲೇ, ಯಾವ ರಾಸಾಯನಿಕವೂ ತಾಗುವ ಮೊದಲು, ಎಲ್ಲ ಟ್ರಾನ್ಸಿಸ್ಟರ್‌ಗಳನ್ನೂ ಅಳೆದು ಬರೆದಿಡಿ. ಚಿಪ್ಪಿನ ನಡುವೆ ಹತ್ತು ಪಟ್ಟು ತೆಳುಮಾಡಿದ ಪಿಬಿಎಸ್ (ಪಿಎಚ್ ಹಿಡಿದಿಡುವ ಫಾಸ್ಫೇಟ್ ಬೆರೆತ ಉಪ್ಪುನೀರು, ಅಂದರೆ ಒಂದು ಬಫರ್) ಹನಿ ಇಟ್ಟು, ಪಟ್ಟಿಯ ಎರಡು ತುದಿಗಳಾದ ಸೋರ್ಸ್–ಡ್ರೇನ್ ನಡುವೆ 50 ಮಿಲಿವೋಲ್ಟ್ ಕೊಟ್ಟು, ಗೇಟನ್ನು ಮೈನಸ್ 0.2ರಿಂದ ಪ್ಲಸ್ 0.8 ವೋಲ್ಟ್ ತನಕ 10 ಮಿಲಿವೋಲ್ಟಿನ ಹೆಜ್ಜೆಯಲ್ಲಿ ಹೋಗಿ ಬರುವಂತೆ ಓಡಿಸಿ. ಕರೆಂಟು ಇಳಿದು, ತಳ ಮುಟ್ಟಿ, ಮತ್ತೆ ಏರಬೇಕು. ಆ ತಳವೇ ಡಿರಾಕ್ ಬಿಂದು. ಮುಂದೆ ನೀವು ಓದುವುದೆಲ್ಲ ಅದು ಎಡಕ್ಕೋ ಬಲಕ್ಕೋ ಎಷ್ಟು ಸರಿಯಿತು ಎಂಬುದನ್ನೇ. ಹೋಗುವಾಗಿನ ತಳಕ್ಕೂ ಬರುವಾಗಿನ ತಳಕ್ಕೂ ಹತ್ತಾರು ಮಿಲಿವೋಲ್ಟ್ ಅಂತರ ಇದ್ದರೆ ಆ ಪಟ್ಟಿಯನ್ನು ಲೆಕ್ಕದಿಂದ ಬಿಡಿ. ಗೇಟಿನಲ್ಲಿ ಸೋರುವ ಕರೆಂಟು ನ್ಯಾನೊಆಂಪಿಯರ್ ಮಟ್ಟದಲ್ಲಿರಬೇಕು. ಮೈಕ್ರೊಆಂಪಿಯರಿಗೆ ಏರಿತು ಎಂದರೆ ಹೊದಿಕೆಯಲ್ಲಿ ಎಲ್ಲೋ ತೂತಿದೆ. ಒಂದು ವೋಲ್ಟಿನಾಚೆಗೆ ಗೇಟನ್ನು ಎಳೆಯಲೇಬಾರದು. ನೀರೇ ವಿಭಜನೆಯಾಗತೊಡಗುತ್ತದೆ, ಗ್ರಾಫೀನಿನ ಅಂಚು ಉತ್ಕರ್ಷಣಗೊಳ್ಳುತ್ತದೆ, ಆ ಹಾನಿ ಹಿಂದಕ್ಕೆ ಬಾರದು.

ಬಂದ ಚಿಪ್ಪಿನ ಮೇಲೆ ಪಿಎಂಎಂಎ ಶೇಷ ಇರುವುದು ಸಾಮಾನ್ಯ. ಅದು ಗ್ರಾಫೀನಿನಿಂದ ಎಲೆಕ್ಟ್ರಾನ್ ಸೆಳೆದು ಡಿರಾಕ್ ಬಿಂದುವನ್ನು ಧನ ದಿಕ್ಕಿಗೆ ತಳ್ಳುತ್ತದೆ. ಪ್ರೋಟೀನನ್ನು ಗ್ರಾಫೀನಿಗೆ ಹಿಡಿಸುವ ಕೊಂಡಿ ಅಣುವಿಗೆ ಕೂರಲು ಜಾಗವನ್ನೂ ಬಿಡುವುದಿಲ್ಲ. ಅಸಿಟೋನಿನಲ್ಲಿ ಹತ್ತು ನಿಮಿಷ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಐದು ನಿಮಿಷ, ಆಮೇಲೆ ನೈಟ್ರೊಜನ್ ಗಾಳಿಯಲ್ಲಿ ಮೆಲ್ಲಗೆ ಒಣಗಿಸುವುದು, ಇಷ್ಟು ಸಾಕು. ಆದರೆ ಹೊದಿಕೆ ಯಾವ ಪದಾರ್ಥದ್ದು, ಅದು ಅಸಿಟೋನಿಗೆ, ಮುಂದೆ ಬಳಸುವ ಡಿಎಂಎಫ್ ಎಂಬ ದ್ರಾವಕಕ್ಕೆ ತಡೆಯುತ್ತದೆಯೇ ಎಂದು ಮಾರುವವರನ್ನು ಮೊದಲೇ ಕೇಳಿ, ಲಿಖಿತ ಉತ್ತರ ಪಡೆಯಿರಿ. ಕಾಗದದಲ್ಲಿ ಈ ಸಾಲು ಇರಲೇಬೇಕಿತ್ತು. ಗಾಜಿನ ಸ್ಲೈಡಿನ ಅಭ್ಯಾಸದಲ್ಲಿ ಅಲ್ಟ್ರಾಸೋನಿಕ್ ತೊಟ್ಟಿಗೆ ಹಾಕಿದರೆ ಗ್ರಾಫೀನ್ ಸಿಪ್ಪೆಯಂತೆ ಎದ್ದು ಬರುತ್ತದೆ. ಆಕ್ಸಿಜನ್ ಪ್ಲಾಸ್ಮಾ ಕೊಟ್ಟರೆ ಗ್ರಾಫೀನೇ ಉಳಿಯದು, ಅದು ಒಂದು ಪರಮಾಣುವಿನಷ್ಟು ದಪ್ಪದ ಹಾಳೆ.

ಇನ್ನು ಮುಖ್ಯ ಕೆಲಸ. ಗ್ರಾಫೀನಿಗೆ ಪ್ರೋಟೀನ್ ನೇರವಾಗಿ ಅಂಟುವುದಿಲ್ಲ ಎಂದಲ್ಲ. ಅಂಟುತ್ತದೆ, ಬೇಡವಾದ ರೀತಿಯಲ್ಲಿ. ನೀರನ್ನು ದೂರವಿಡುವ ಆ ಮೇಲ್ಮೈ ಮೇಲೆ ಪ್ರೋಟೀನ್ ತನ್ನ ಮಡಿಕೆ ಬಿಚ್ಚಿ ಚಪ್ಪಟೆಯಾಗಿ ಬಿದ್ದುಕೊಳ್ಳುತ್ತದೆ, ಹಿಡಿಯುವ ಗುಣ ಕಳೆದುಕೊಳ್ಳುತ್ತದೆ. ಅದಕ್ಕಾಗಿ ನಡುವೆ ಕೊಂಡಿ ಅಣು ಬೇಕು. ಹೆಚ್ಚಿನವರು ಬಳಸುವುದು ಪೈರೀನ್ ಬ್ಯುಟನೊಯಿಕ್ ಆಸಿಡ್ ಸಕ್ಸಿನಿಮಿಡೈಲ್ ಎಸ್ಟರ್, ಬಾಯಿಮಾತಿನಲ್ಲಿ ಪಿಬೇಸ್. ಒಂದು ತುದಿಯಲ್ಲಿ ಬೆಸೆದ ನಾಲ್ಕು ಉಂಗುರಗಳ ಪೈರೀನ್ ಇದೆ, ಅದು ಗ್ರಾಫೀನಿನ ಮೇಲೆ ಚಪ್ಪಟೆಯಾಗಿ ಒರಗಿ ಕೂರುತ್ತದೆ, ಇಂಗಾಲದ ಬಂಧ ಒಂದನ್ನೂ ಮುರಿಯದೆ. ಇನ್ನೊಂದು ತುದಿಯ ಎಸ್ಟರ್ ಪ್ರೋಟೀನಿನಲ್ಲಿರುವ ಲೈಸಿನ್ ಎಂಬ ಅಮೈನೊ ಆಮ್ಲದ ಅಮೈನಿನ ಜೊತೆ ಗಟ್ಟಿ ಅಮೈಡ್ ಬಂಧ ಮಾಡಿಕೊಳ್ಳುತ್ತದೆ. 2001ರಲ್ಲಿ ಸ್ಟ್ಯಾನ್‌ಫರ್ಡಿನ ತಂಡ ಇಂಗಾಲದ ನ್ಯಾನೊನಳಿಕೆಯ ಮೇಲೆ ಫೆರಿಟಿನ್, ಸ್ಟ್ರೆಪ್ಟಾವಿಡಿನ್ ಕೂರಿಸಿ ತೋರಿಸಿದ ದಾರಿ ಇದು. 2020ರಲ್ಲಿ ದಕ್ಷಿಣ ಕೊರಿಯಾದ ಸಂಶೋಧಕರು ಕೊರೋನಾ ವೈರಸ್ಸಿನ ಸ್ಪೈಕ್ ಪ್ರೋಟೀನ್ ಹಿಡಿಯುವ ಆ್ಯಂಟಿಬಾಡಿಯನ್ನು ಗ್ರಾಫೀನಿಗೆ ಅಂಟಿಸಿದ್ದೂ ಇದೇ ಅಣುವಿನಿಂದ. ಅವರ ಸೆನ್ಸರ್ ಬಫರಿನಲ್ಲಿ ಮಿಲಿಲೀಟರಿಗೆ 1 ಫೆಮ್ಟೊಗ್ರಾಂ ಗುರುತಿಸಿತು, ಮೂಗಿನ ಮಾದರಿ ಸಾಗಿಸುವ ದ್ರವದಲ್ಲಿ 100 ಫೆಮ್ಟೊಗ್ರಾಂ. ಈ ನೂರು ಪಟ್ಟು ಅಂತರವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಪಿಬೇಸಿನ ಅಣುತೂಕ 385.4. 5 ಮಿಲಿಮೋಲಾರ್ ದ್ರಾವಣಕ್ಕೆ ಮಿಲಿಲೀಟರಿಗೆ 1.93 ಮಿಲಿಗ್ರಾಂ, 5 ಮಿಲಿಲೀಟರ್ ಮಾಡುವುದಾದರೆ 9.6 ಮಿಲಿಗ್ರಾಂ. ತೂಗುವ ಮೊದಲು ಒಂದು ಶಿಸ್ತು ಇದೆ, ನಮ್ಮ ಊರಲ್ಲಿ ಅದು ಕಡ್ಡಾಯ. ಮೈನಸ್ 20 ಡಿಗ್ರಿಯ ಫ್ರೀಜರಿನಿಂದ ತೆಗೆದ ಸಣ್ಣ ಬಾಟಲಿಯನ್ನು ಆಷಾಢದ ಮಂಗಳೂರಿನ ಗಾಳಿಯಲ್ಲಿ ಮೇಜಿನ ಮೇಲಿಟ್ಟರೆ ಅರೆಕ್ಷಣದಲ್ಲಿ ಗಾಜು ಮಸುಕಾಗುತ್ತದೆ, ಮಸುಕು ಹನಿಯಾಗುತ್ತದೆ, ಹನಿ ಮುಚ್ಚಳದ ತಿರುಪಿನ ಸಂದಿಗೆ ಇಳಿಯುತ್ತದೆ. ಆಗ ಮುಚ್ಚಳ ತಿರುಗಿಸಿದರೆ ಒಳಗಿನ ತಂಪು ಪುಡಿ ಹೊರಗಿನ ತೇವವನ್ನು ಎಳೆದುಕೊಳ್ಳುತ್ತದೆ. ಡಬ್ಬಿ ಮುಚ್ಚಲು ಮರೆತ ಹಪ್ಪಳದ ಹಾಗೆ. ಹಪ್ಪಳ ಮೆತ್ತಗಾದರೆ ಗೊತ್ತಾಗುತ್ತದೆ. ಎಸ್ಟರ್ ಸತ್ತರೆ ಪುಡಿ ನೋಡಲು ಮೊದಲಿನ ಹಾಗೇ ಇರುತ್ತದೆ, ಕರಗುತ್ತದೆ, ಗ್ರಾಫೀನಿಗೂ ಕೂರುತ್ತದೆ, ಡಿರಾಕ್ ಬಿಂದುವನ್ನೂ ಸರಿಸುತ್ತದೆ. ಪ್ರೋಟೀನ್ ಮಾತ್ರ ಹಿಡಿಯುವುದಿಲ್ಲ. ಆದ್ದರಿಂದ ಬಾಟಲಿಯನ್ನು ಸಿಲಿಕಾ ಜೆಲ್ ಇರುವ ಡೆಸಿಕೇಟರಿನೊಳಗೆ ಕನಿಷ್ಠ ಒಂದು ಗಂಟೆ ಇಟ್ಟು ಕೋಣೆಯ ಬಿಸಿಗೆ ತನ್ನಿ, ಆಮೇಲೆ ತೆರೆಯಿರಿ. ಇನ್ನೂ ಒಳ್ಳೆಯದು, ಮೊದಲ ಸಲ ತೆರೆದಾಗಲೇ 10 ಮಿಲಿಗ್ರಾಮಿನಂತೆ ಚಿಕ್ಕ ಬಾಟಲಿಗಳಿಗೆ ಹಂಚಿ, ನೈಟ್ರೊಜನ್ ತುಂಬಿಸಿ ಮುಚ್ಚಿಡುವುದು. ಒಂದು ಸಲಕ್ಕೆ ಒಂದು.

ಕರಗಿಸಲು ನೀರಿಲ್ಲದ ಡಿಎಂಎಫ್. ಹಳೆಯ ಡಿಎಂಎಫ್ ಮೆಲ್ಲನೆ ಒಡೆದು ಡೈಮೀಥೈಲ್ ಅಮೈನ್ ಬಿಡುತ್ತದೆ, ಆ ಅಮೈನ್ ನಿಮ್ಮ ಪ್ರೋಟೀನಿಗಿಂತ ಮೊದಲೇ ಎಸ್ಟರನ್ನು ತಿಂದುಹಾಕುತ್ತದೆ. ಗುರುತು ಅದರ ವಾಸನೆ: ಮಲ್ಪೆ ಬಂದರಿನ ಹತ್ತಿರ ಬಸ್ಸಿಳಿದಾಗ ಬರುವ ಮೀನಿನ ವಾಸನೆ. ಇದಕ್ಕಾಗಿ ಬಾಟಲಿಗೆ ಮೂಗಿಟ್ಟು ಪರೀಕ್ಷಿಸಬೇಡಿ, ಡಿಎಂಎಫ್ ಯಕೃತ್ತಿಗೆ ಕೆಟ್ಟದ್ದು, ಗರ್ಭಿಣಿಯರಿಗಂತೂ ಅಪಾಯ. ಕೆಲಸವೆಲ್ಲ ಫ್ಯೂಮ್ ಹುಡ್ ಒಳಗೇ ನಡೆಯಬೇಕು. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆಯಿರಿ, ಹಳೆಯದನ್ನು ಗಾಜು ತೊಳೆಯಲು ಬಿಡಿ. ಇನ್ನೊಂದು ಎಡವಟ್ಟು ಪಾತ್ರೆಯದ್ದು. ಬಯಾಲಜಿ ಲ್ಯಾಬಿನಲ್ಲಿ ಕೈಗೆ ಸಿಗುವ ಪ್ಲಾಸ್ಟಿಕ್ ಪೆಟ್ರಿ ತಟ್ಟೆ ಪಾಲಿಸ್ಟೈರೀನಿನದ್ದು, ಡಿಎಂಎಫಿನಲ್ಲಿ ಅದು ಕರಗಿ ಚಿಪ್ಪಿನ ಮೇಲೆಯೇ ಪದರ ಕಟ್ಟುತ್ತದೆ. ಗಾಜು ಅಥವಾ ಟೆಫ್ಲಾನ್ ತಟ್ಟೆಯನ್ನೇ ಬಳಸಿ. ಹೊದಿಕೆ ಡಿಎಂಎಫಿಗೆ ತಡೆಯದ ಚಿಪ್ಪಾದರೆ ಮೆಥನಾಲಿನಲ್ಲಿ ಕರಗಿಸುವವರೂ ಇದ್ದಾರೆ; ಆವಿಯಾಗಿ ಹೋಗದಂತೆ ಮುಚ್ಚಳ ಭದ್ರವಾಗಿರಬೇಕು, ದ್ರಾವಣವನ್ನು ಬಳಸುವ ಹೊತ್ತಿಗೇ ಹೊಸದಾಗಿ ಮಾಡಿಕೊಳ್ಳಬೇಕು.

ಚಿಪ್ಪು ಮುಳುಗುವಷ್ಟು ದ್ರಾವಣ ಹಾಕಿ, ಮುಚ್ಚಿ, ಎರಡು ಗಂಟೆ ಬಿಡಿ. ತೊಳೆಯುವ ಕ್ರಮದಲ್ಲಿ ಬಹಳ ಮಂದಿ ತಪ್ಪುವುದು ಇಲ್ಲಿ. ಮೊದಲ ಮೂರು ತೊಳೆತ ಶುದ್ಧ ಡಿಎಂಎಫಿನಲ್ಲೇ ಆಗಬೇಕು. ನೇರ ನೀರಿಗೆ ಅದ್ದಿದರೆ, ಕೂರದೆ ಉಳಿದ ಪಿಬೇಸ್ ನೀರಿನಲ್ಲಿ ಕರಗದೆ ಅಲ್ಲೇ ಹರಳುಗಟ್ಟುತ್ತದೆ. ಸೂಕ್ಷ್ಮದರ್ಶಕದಲ್ಲಿ ಪಟ್ಟಿಯ ಮೇಲೆ ಸೂಜಿ ಚೆಲ್ಲಿದಂತೆ ಕಾಣುತ್ತದೆ. ಆ ಹರಳಿನ ಮೇಲೆ ಕೂತ ಪ್ರೋಟೀನ್ ಮುಂದಿನ ತೊಳೆತದಲ್ಲಿ ಹರಳಿನ ಜೊತೆಗೇ ಹೊರಟುಹೋಗುತ್ತದೆ. ಡಿಎಂಎಫ್ ಮೂರು ಸಲ, ಐಸೊಪ್ರೊಪೈಲ್ ಒಂದು ಸಲ, ನೈಟ್ರೊಜನ್. ಒಣಗಿದ ಮೇಲೆ ಕಾಯಬಾರದು, ಆ್ಯಂಟಿಬಾಡಿ ದ್ರಾವಣ ಮೊದಲೇ ಸಿದ್ಧವಾಗಿರಬೇಕು. ರಾಮನ್ (ಲೇಸರ್ ಬೆಳಕು ಚದುರುವುದನ್ನು ಅಳೆಯುವ) ಸೌಲಭ್ಯ ಇದ್ದವರು ಈ ಹಂತದಲ್ಲಿ ಒಮ್ಮೆ ನೋಡಬಹುದು: ಸೆಂಟಿಮೀಟರಿಗೆ 1350ರ ಹತ್ತಿರದ, ಹಾಳೆಯ ದೋಷ ತೋರಿಸುವ ಡಿ ಶಿಖರ ಮೊದಲಿಗಿಂತ ಏರಿರಬಾರದು. ಏರಿದ್ದರೆ ಹಾಳೆಗೆ ಗಾಯವಾಗಿದೆ.

ಆ್ಯಂಟಿಬಾಡಿ ತರಿಸುವಾಗಲೇ ಅರ್ಧ ಸೋಲು ಗೆಲುವು ನಿರ್ಧಾರವಾಗಿರುತ್ತದೆ. ಅಂಗಡಿಯಿಂದ ಬರುವ ಬಹುಪಾಲು ಬಾಟಲಿಗಳಲ್ಲಿ ಆ್ಯಂಟಿಬಾಡಿ ಕೆಡದಿರಲಿ ಎಂದು ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನ್), ಸೋಡಿಯಂ ಅಝೈಡ್, ಗ್ಲಿಸರಾಲ್ ಸೇರಿಸಿರುತ್ತಾರೆ, ಬಫರ್ ಹಲವು ಸಲ ಟ್ರಿಸ್ ಆಗಿರುತ್ತದೆ. ಟ್ರಿಸ್ ತಾನೇ ಅಮೈನ್. ಒಂದು ಬಿಎಸ್‌ಎ ಅಣುವಿನಲ್ಲಿ ಸುಮಾರು 60 ಲೈಸಿನ್ ಇವೆ. ಇವೆರಡೂ ಇರುವ ದ್ರಾವಣವನ್ನು ಹಾಕಿದರೆ ಗ್ರಾಫೀನಿನ ಮೇಲೆ ಕೂರುವುದು ಅವೇ. ಟ್ರಿಸ್, ಅಝೈಡ್, ಗ್ಲಿಸರಾಲ್ ಸಣ್ಣ ಅಣುಗಳು, ಡೀಸಾಲ್ಟಿಂಗ್ ಕಾಲಮ್ಮಿನಲ್ಲೋ ಡಯಾಲಿಸಿಸ್ಸಿನಲ್ಲೋ ಹೋಗುತ್ತವೆ. ಬಿಎಸ್‌ಎ 66 ಕಿಲೊಡಾಲ್ಟನ್, ಹಾಗೆ ಹೋಗುವುದಿಲ್ಲ. ಆ್ಯಂಟಿಬಾಡಿಯನ್ನಷ್ಟೇ ಹಿಡಿದುಕೊಳ್ಳುವ ಪ್ರೋಟೀನ್ ಎ ಅಥವಾ ಜಿ ಕಾಲಮ್ಮು ಬೇಕಾಗುತ್ತದೆ. ‘ಬಿಎಸ್‌ಎ ಇಲ್ಲದ, ಅಝೈಡ್ ಇಲ್ಲದ’ ಎಂದು ಆರ್ಡರಿನಲ್ಲೇ ಬರೆಸುವುದು ಅದಕ್ಕಿಂತ ಅಗ್ಗ.

ಬಫರ್ ಪಿಬಿಎಸ್, ಪಿಎಚ್ 7.4ರಿಂದ 8ರ ನಡುವೆ. ಪಿಎಚ್ ಏರಿದಷ್ಟೂ ಲೈಸಿನ್ ಚುರುಕಾಗುತ್ತದೆ, ನೀರೂ ಎಸ್ಟರನ್ನು ಬೇಗ ಒಡೆಯುತ್ತದೆ: ಪಿಎಚ್ 7ರಲ್ಲಿ ಸೊನ್ನೆ ಡಿಗ್ರಿಯಲ್ಲಿ ಎಸ್ಟರಿನ ಅರ್ಧಾಯುಷ್ಯ ನಾಲ್ಕೈದು ಗಂಟೆ, ಪಿಎಚ್ 8.6ರಲ್ಲಿ 4 ಡಿಗ್ರಿಯಲ್ಲೂ ಬರೀ 10 ನಿಮಿಷ. ಆದ್ದರಿಂದ 8ರ ಮೇಲೆ ಹೋಗದಿರುವುದು ಕ್ಷೇಮ. ಆ್ಯಂಟಿಬಾಡಿಯ ಸಾಂದ್ರತೆ ಮಿಲಿಲೀಟರಿಗೆ 100 ಮೈಕ್ರೊಗ್ರಾಂ, ಚಿಪ್ಪಿನ ನಡುವೆ 20 ಮೈಕ್ರೊಲೀಟರ್ ಹನಿ. ಅಂದರೆ 2 ಮೈಕ್ರೊಗ್ರಾಂ ಆಯಿತು. ಒಂದು ಚದರ ಸೆಂಟಿಮೀಟರನ್ನು ಪೂರ್ತಿ ಮುಚ್ಚಲು ಸುಮಾರು 200ರಿಂದ 500 ನ್ಯಾನೊಗ್ರಾಂ ಸಾಕು, ಹಾಗಾಗಿ ಇದಕ್ಕಿಂತ ಹೆಚ್ಚು ಸುರಿದು ದುಬಾರಿ ಆ್ಯಂಟಿಬಾಡಿ ಖರ್ಚು ಮಾಡುವ ಅಗತ್ಯವಿಲ್ಲ. ಕೋಣೆಯ ಬಿಸಿಯಲ್ಲಿ ಎರಡು ಗಂಟೆ, ಇಲ್ಲವೇ 4 ಡಿಗ್ರಿಯಲ್ಲಿ ರಾತ್ರಿಯಿಡೀ.

ಈ ಹನಿಯನ್ನು ಹತ್ತಿರದಿಂದ ನೋಡಿ. ಎಸಿ ಕೋಣೆಯಲ್ಲಿ ಮುಚ್ಚದೆ ಬಿಟ್ಟ ಹನಿ ಮೊದಲು ಅಂಚಿನಲ್ಲಿ ಹಿಡಿದುಕೊಳ್ಳುತ್ತದೆ, ನಡುವಿನಿಂದ ದ್ರವ ಅಂಚಿನ ಕಡೆ ಹರಿಯುತ್ತದೆ, ಚೆಲ್ಲಿದ ಕಾಫಿ ಒಣಗಿದಾಗ ಉಳಿಯುವ ಬಳೆಯಂತೆ ಪ್ರೋಟೀನೂ ಉಪ್ಪೂ ಸುತ್ತ ಗಟ್ಟಿಯಾಗುತ್ತವೆ. ಬಳೆಯ ಕೆಳಗೆ ಸಿಕ್ಕ ಪಟ್ಟಿಗಳು ಒಂದು ಬಗೆ ನಡೆದುಕೊಳ್ಳುತ್ತವೆ, ನಡುವಿನವು ಇನ್ನೊಂದು ಬಗೆ, ಮತ್ತೆ ಆ ಚಿಪ್ಪಿನ ಯಾವ ಸಂಖ್ಯೆಯನ್ನೂ ನಂಬಲಾಗದು. ಗಾಜಿನ ತಟ್ಟೆಯೊಳಗೆ ಒದ್ದೆ ಟಿಶ್ಯೂ ಮಡಚಿಟ್ಟು, ಚಿಪ್ಪನ್ನು ಅದಕ್ಕೆ ತಾಗದಂತೆ ಎತ್ತರದಲ್ಲಿಟ್ಟು, ಮುಚ್ಚಿ ಅಂಚಿಗೆ ಪ್ಯಾರಾಫಿಲ್ಮ್ ಸುತ್ತಿದರೆ ಈ ತೊಂದರೆ ಇಲ್ಲ. ಹೊರಗಿನ ಸೆಖೆ ನೋಡಿ ಒಳಗೂ ತೇವ ಇದೆ ಎಂದುಕೊಳ್ಳಬೇಡಿ. ಎಸಿ ಗಾಳಿ ಹನಿಯನ್ನು ಒಣಗಿಸಿಯೇ ಒಣಗಿಸುತ್ತದೆ.

ಆಮೇಲೆ ಪಿಬಿಎಸ್‌ನಲ್ಲಿ ತೊಳೆದು, ಉಳಿದ ಎಸ್ಟರುಗಳನ್ನು ಮುಚ್ಚಲು 100 ಮಿಲಿಮೋಲಾರ್ ಎಥನಾಲ್ ಅಮೈನ್, 30 ನಿಮಿಷ. ಮಿಲಿಲೀಟರಿಗೆ 6 ಮೈಕ್ರೊಲೀಟರ್ ಸಾಕು, ಆದರೆ ಹಾಗೇ ಹಾಕಿದರೆ ಪಿಎಚ್ 10ನ್ನೂ ದಾಟುತ್ತದೆ; ಹೈಡ್ರೊಕ್ಲೋರಿಕ್ ಆಮ್ಲದಿಂದ 8.5ಕ್ಕೆ ಇಳಿಸಿಯೇ ಬಳಸಿ. ಕೊಂಡಿ ಕೂರದ ಬರಿ ಗ್ರಾಫೀನಿನ ಮೇಲೆ ಸೀರಮ್ಮಿನ ಆಲ್ಬುಮಿನ್ ಬಂದು ಕೂರದಂತೆ ಶೇಕಡಾ 1ರ ಬಿಎಸ್‌ಎ ಒಂದು ಗಂಟೆ, ಅಥವಾ ಸೋಪಿನಂಥ ಟ್ವೀನ್-20 ಶೇಕಡಾ 0.05. ಮೊದಲು ಶತ್ರುವಾಗಿದ್ದ ಬಿಎಸ್‌ಎ ಈಗ ಕಾವಲು.

ಕೂತಿದೆಯೇ ಎಂದು ತಿಳಿಯಲು ಹೊಳೆಯುವ ಬಣ್ಣ ಕಟ್ಟಿದ ಪ್ರೋಟೀನ್ ಹಾಕಿ ನೋಡುವವರು ಒಂದು ವಿಷಯ ಗಮನಿಸಬೇಕು. ಗ್ರಾಫೀನ್ ತನ್ನ ಹತ್ತಿರದ ಬಣ್ಣದ ಬೆಳಕನ್ನು ನುಂಗುತ್ತದೆ. ಸುತ್ತಲಿನ ಆಕ್ಸೈಡ್ ಹೊಳೆದು ಪಟ್ಟಿ ಕಪ್ಪಾಗಿ ಕಂಡರೆ ಪ್ರೋಟೀನ್ ಕೂತಿಲ್ಲ ಎಂದು ಎಸೆಯಬೇಡಿ. ಮೊನಚು ಸೂಜಿಯಿಂದ ಮೇಲ್ಮೈಯ ಏರಿಳಿತ ಅಳೆಯುವ ಎಎಫ್ಎಂನಲ್ಲಿ ಎತ್ತರ ನೋಡುವುದು ಹೆಚ್ಚು ನಂಬಿಕೆಯ ದಾರಿ.

ಇಷ್ಟೆಲ್ಲ ಸರಿಯಾದ ಮೇಲೂ ಸಿಗ್ನಲ್ ಬರದಿದ್ದರೆ? ಹೆಚ್ಚಾಗಿ ತಪ್ಪು ರಸಾಯನಶಾಸ್ತ್ರದ್ದಲ್ಲ, ಉಪ್ಪಿನದ್ದು. ದ್ರವದಲ್ಲಿರುವ ಅಯಾನುಗಳು ಪ್ರೋಟೀನಿನ ವಿದ್ಯುದಂಶವನ್ನು ಸುತ್ತುವರಿದು ಮುಚ್ಚುತ್ತವೆ. ಎಷ್ಟು ದೂರದೊಳಗೆ ಮುಚ್ಚುತ್ತವೆ ಎಂಬುದೇ ಡಿಬೈ ಉದ್ದ. ಲೆಕ್ಕ ಸುಲಭ: 0.304ನ್ನು ಅಯಾನಿಕ ಬಲದ ವರ್ಗಮೂಲದಿಂದ ಭಾಗಿಸಿದರೆ ನ್ಯಾನೊಮೀಟರಿನಲ್ಲಿ ಉತ್ತರ. ಪಿಬಿಎಸ್ ಪೂರ್ತಿ ಸಾಂದ್ರತೆಯಲ್ಲಿ ಸುಮಾರು 0.16 ಮೋಲಾರ್, ಡಿಬೈ ಉದ್ದ 0.76 ನ್ಯಾನೊಮೀಟರ್. ಹತ್ತು ಪಟ್ಟು ತೆಳುಮಾಡಿದರೆ 2.4. ನೂರು ಪಟ್ಟು ತೆಳುಮಾಡಿದರೆ 7.6. ಆ್ಯಂಟಿಬಾಡಿ ನಿಂತರೆ ಹತ್ತು ನ್ಯಾನೊಮೀಟರಿಗೂ ಎತ್ತರ, ಅದು ಹಿಡಿಯುವ ಪ್ರೋಟೀನ್ ಅದರ ತುದಿಯಲ್ಲಿ. ಪೂರ್ತಿ ಪಿಬಿಎಸ್‌ನಲ್ಲಿ ಅಳೆದರೆ ಗ್ರಾಫೀನಿಗೆ ಅದು ಬಂದದ್ದೇ ತಿಳಿಯುವುದಿಲ್ಲ. ಆದ್ದರಿಂದ ಹಿಡಿಯುವ ಹಂತವನ್ನು ಪೂರ್ತಿ ಬಫರಿನಲ್ಲಿ ಅಥವಾ ಮಾದರಿಯಲ್ಲೇ ನಡೆಸಿ, ತೊಳೆದು, ಓದುವುದನ್ನು ನೂರು ಪಟ್ಟು ತೆಳುಮಾಡಿದ ಪಿಬಿಎಸ್‌ನಲ್ಲಿ ಮಾಡಬೇಕು. ಹಿಡಿಯುವ ಹಂತದ ಮೊದಲಿನ ಓದಿಗೂ ಆಮೇಲಿನ ಓದಿಗೂ ಈ ತೆಳು ಬಫರ್ ಒಂದೇ ಬಾಟಲಿಯದ್ದಾಗಿರಲಿ. ಅಷ್ಟು ತೆಳು ಬಫರಿಗೆ ಪಿಎಚ್ ಹಿಡಿದಿಡುವ ಶಕ್ತಿ ಇಲ್ಲ; ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿಯೇ ಅದು ಇಳಿಯುತ್ತದೆ, ಡಿರಾಕ್ ಬಿಂದುವೂ ಅದರ ಜೊತೆ ಸರಿಯುತ್ತದೆ. ದಿನದ ಬಫರ್ ದಿನವೇ ಮಾಡಿ.

ಇನ್ನೊಂದು ದಾರಿ ಎತ್ತರವನ್ನೇ ಕಡಿಮೆ ಮಾಡುವುದು. ಇಡೀ ಆ್ಯಂಟಿಬಾಡಿಯ ಬದಲು ಅದರ ಹಿಡಿಯುವ ತೋಳಾದ ಫ್ಯಾಬ್ ತುಂಡು, ಅಥವಾ ಒಂಟೆ ಜಾತಿಯ ಪ್ರಾಣಿಗಳಿಂದ ಬಂದ 15 ಕಿಲೊಡಾಲ್ಟನಿನ ಪುಟ್ಟ ಆ್ಯಂಟಿಬಾಡಿ ತುಂಡು, ನ್ಯಾನೊಬಾಡಿ. ಲೈಸಿನ್ ಪ್ರೋಟೀನಿನ ಮೈತುಂಬ ಇರುವುದರಿಂದ ಪಿಬೇಸ್ ದಾರಿಯಲ್ಲಿ ಕೆಲವು ತಲೆಕೆಳಗಾಗಿ, ಕೆಲವು ಅಡ್ಡವಾಗಿ ಕೂರುವುದು ಅನಿವಾರ್ಯ. ಮೊದಲು ಪ್ರೋಟೀನ್ ಎ ಕೂರಿಸಿ ಅದರ ಮೇಲೆ ಆ್ಯಂಟಿಬಾಡಿಯ ಎಫ್‌ಸಿ ಬಾಲ ಹಿಡಿಸಿದರೆ ದಿಕ್ಕು ಸರಿಹೋಗುತ್ತದೆ, ಆದರೆ ಎತ್ತರಕ್ಕೆ ಇನ್ನೂ ಕೆಲವು ನ್ಯಾನೊಮೀಟರ್ ಸೇರುತ್ತದೆ. ನಮ್ಮ ಮಟ್ಟಿಗೆ, ಸಿಗುವುದಾದರೆ, ತುದಿಯಲ್ಲಿ ಒಂದೇ ಸಿಸ್ಟೀನ್ (ಇನ್ನೊಂದು ಅಮೈನೊ ಆಮ್ಲ) ಇರುವ ನ್ಯಾನೊಬಾಡಿ ಎಲ್ಲಕ್ಕಿಂತ ಮೇಲು. ಅದಕ್ಕೆ ಕೊಂಡಿಯಾಗಿ ಎಸ್ಟರಿನ ಬದಲು ಸಿಸ್ಟೀನಿಗೆ ಅಂಟುವ ಪೈರೀನ್ ಮ್ಯಾಲಿಮೈಡ್ ಬೇಕು.

ಈಗ ಚಿಪ್ಪಿನ ನಿಜವಾದ ದೋಷಕ್ಕೆ ಬರೋಣ. ನಡುವಿನ ಗೇಟ್ ಎಲೆಕ್ಟ್ರೋಡ್ ಅನುಕೂಲ ಎಂದು ಮಾರುತ್ತಾರೆ. ಆ್ಯಂಟಿಬಾಡಿ ಹನಿ ಪಟ್ಟಿಗಳ ಮೇಲೆ ಬಿದ್ದಂತೆ ಆ ಲೋಹದ ಮೇಲೂ ಬೀಳುತ್ತದೆ, ಪ್ರೋಟೀನ್ ಅಲ್ಲೂ ಅಂಟುತ್ತದೆ, ಲೋಹದ ವಿಭವ ಬದಲಾಗುತ್ತದೆ. ಆಗ ಡಿರಾಕ್ ಬಿಂದು ಸರಿದದ್ದು ಗ್ರಾಫೀನಿನಿಂದಲೋ ಗೇಟಿನಿಂದಲೋ ಹೇಳಲಾಗುವುದಿಲ್ಲ. ಕಲಿಯುವ ದಿನಗಳಲ್ಲಿ ಅದನ್ನು ಬಳಸಿ; ವರದಿ ಮಾಡುವ ಅಳತೆಗೆ ಹನಿಯೊಳಗೆ ಮೇಲಿಂದ ಇಳಿಸುವ ಬೆಳ್ಳಿ–ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್ ಬೇಕೇ ಬೇಕು. ಸ್ವಂತ ಮಾಡಿಕೊಳ್ಳಬಹುದು: 99.9 ಶುದ್ಧತೆಯ ಬೆಳ್ಳಿ ತಂತಿಯನ್ನು ನಯ ಉಪ್ಪುಕಾಗದದಲ್ಲಿ ಉಜ್ಜಿ, ಬಟ್ಟೆ ಬಿಳುಪಿಸುವ ಹೈಪೊಕ್ಲೋರೈಟ್ ದ್ರಾವಣದಲ್ಲಿ ಅರ್ಧ ಗಂಟೆ ಮುಳುಗಿಸಿದರೆ ಬೂದುಗಪ್ಪು ಪದರ ಬರುತ್ತದೆ. ಆಭರಣದ 92.5 ಬೆಳ್ಳಿ ಬೇಡ, ಅದರಲ್ಲಿ ತಾಮ್ರ ಇರುತ್ತದೆ. ಇಂಥ ತಂತಿಯ ವಿಭವ ದ್ರವದ ಕ್ಲೋರೈಡಿನ ಜೊತೆ ಬದಲಾಗುತ್ತದೆ, ಒಂದೇ ಬಫರಿನಲ್ಲಿ ಓದಬೇಕು ಎಂಬುದಕ್ಕೆ ಇದು ಇನ್ನೊಂದು ಕಾರಣ.

ಎರಡನೇ ದೋಷ ಪಟ್ಟಿಗಳ ಜೋಡಣೆ. ಎಲ್ಲವೂ ನಡುವೆ ಒತ್ತೊತ್ತಾಗಿರುವುದರಿಂದ ಕೆಲವಕ್ಕೆ ನಿಮ್ಮ ಆ್ಯಂಟಿಬಾಡಿ, ಕೆಲವಕ್ಕೆ ಸಂಬಂಧವಿಲ್ಲದ ಆ್ಯಂಟಿಬಾಡಿ ಎಂದು ಕೈಪಿಪೆಟ್ಟಿನಿಂದ ಹಂಚುವುದು ಕಷ್ಟ. ಸಣ್ಣ ಸಣ್ಣ ಹನಿ ಇಡುವ ಸ್ಪಾಟಿಂಗ್ ಯಂತ್ರ ಇಲ್ಲದವರು ಪ್ರತಿ ಪ್ರಯೋಗಕ್ಕೂ ಎರಡು ಚಿಪ್ಪು ತೆಗೆದಿಡಬೇಕು: ಒಂದಕ್ಕೆ ನಿಜವಾದ ಆ್ಯಂಟಿಬಾಡಿ, ಇನ್ನೊಂದಕ್ಕೆ ಅದೇ ಪ್ರಾಣಿಯಿಂದ ಬಂದ, ಅದೇ ಬಗೆಯ, ಆದರೆ ಬೇರೇನನ್ನೋ ಹಿಡಿಯುವ ಆ್ಯಂಟಿಬಾಡಿ. ಎರಡಕ್ಕೂ ಒಂದೇ ಮಾದರಿ, ಒಂದೇ ತೊಳೆತ. ಎರಡರ ವ್ಯತ್ಯಾಸವೇ ಉತ್ತರ. ಇದರಿಂದ ಖರ್ಚು ದುಪ್ಪಟ್ಟು ಎಂಬುದು ನಿಜ, ಬಜೆಟ್ ಬರೆಯುವಾಗಲೇ ಸೇರಿಸಿ. ಹೋಲಿಸಲು ಇಂಥ ಕಂಟ್ರೋಲ್ ಚಿಪ್ಪು ಇಲ್ಲದಿದ್ದರೆ ಡಿರಾಕ್ ಬಿಂದು ಸರಿದದ್ದಕ್ಕೆ ಬೆಲೆ ಇಲ್ಲ.

ಕರಾವಳಿಗೆ ಇದು ಯಾತಕ್ಕೆ ಎಂದು ಕೇಳುವವರಿಗೆ ಇಲಿಜ್ವರದ ಉದಾಹರಣೆ ಸಾಕು. ಮಳೆಗಾಲದಲ್ಲಿ ಗದ್ದೆಗಿಳಿಯುವ ಉಡುಪಿ, ದಕ್ಷಿಣ ಕನ್ನಡದ ಜನರಿಗೆ ಅದು ಹೊಸ ಹೆಸರಲ್ಲ. ಮೊದಲ ದಿನಗಳಲ್ಲಿ ಡೆಂಗ್ಯೂ, ಮಲೇರಿಯಾಗಳಿಂದ ಬೇರ್ಪಡಿಸುವುದು ಕಷ್ಟ. ಮಾನದಂಡವೆಂದು ಒಪ್ಪಿದ ಎಂಎಟಿ ಎಂಬ ರಕ್ತಪರೀಕ್ಷೆಗೆ ಇಲಿಜ್ವರದ ಬ್ಯಾಕ್ಟೀರಿಯಾವಾದ ಲೆಪ್ಟೊಸ್ಪೈರಾವನ್ನು ಜೀವಂತ ಸಾಕಬೇಕು, ರೋಗಿಯ ಮೈಯಲ್ಲಿ ಆ್ಯಂಟಿಬಾಡಿ ಹುಟ್ಟುವ ತನಕ ಕಾಯಬೇಕು. ರೋಗಕಾರಕ ಲೆಪ್ಟೊಸ್ಪೈರಾದ ಹೊರಪೊರೆಯಲ್ಲಿ ಹೇರಳವಾಗಿರುವ ಲಿಪ್‌ಎಲ್32 ಎಂಬ ಪ್ರೋಟೀನನ್ನು ನೇರವಾಗಿ ಹಿಡಿಯುವ ಗ್ರಾಫೀನ್ ಚಿಪ್ಪು ಮಾಡಲು ಯಾರಾದರೂ ಹೊರಟರೆ ಅದು ಈ ನೆಲಕ್ಕೆ ಸಲ್ಲುವ ಕೆಲಸ. ಆದರೆ ಬಫರಿನಲ್ಲಿ ಬಂದ ಮಿತಿಯನ್ನೇ ರಕ್ತದ ಮಿತಿ ಎಂದು ಬರೆಯಬೇಡಿ; ಕೊರಿಯಾದ ಆ ನೂರು ಪಟ್ಟು ಅಂತರ ನೆನಪಿರಲಿ. ಮೂತ್ರದಲ್ಲಿ ನೋಡುವವರಿಗೆ ಉಪ್ಪಿನ ಸಾಂದ್ರತೆ ಆಳಿನಿಂದ ಆಳಿಗೆ, ಬೆಳಗಿನಿಂದ ಸಂಜೆಗೆ ಬದಲಾಗುತ್ತದೆ. ತೊಳೆದು ಓದುವ ಕ್ರಮ ಅಲ್ಲಿ ಇನ್ನೂ ಮುಖ್ಯ.

ಮೊದಲ ಚಿಪ್ಪನ್ನೇ ದುಬಾರಿ ಆ್ಯಂಟಿಬಾಡಿಗೆ ಬಳಸಬೇಡಿ. ಬಿಎಸ್‌ಎಯ ಸಮವಿದ್ಯುತ್ ಬಿಂದು (ಒಟ್ಟು ವಿದ್ಯುದಂಶ ಸೊನ್ನೆಯಾಗುವ ಪಿಎಚ್) 4.7, ಲೈಸೊಜೈಮ್ ಎಂಬ ಇನ್ನೊಂದು ಪ್ರೋಟೀನಿನದ್ದು ಸುಮಾರು 11. ಪಿಎಚ್ 7.4ರಲ್ಲಿ ಒಂದು ಋಣ, ಇನ್ನೊಂದು ಧನ. ಕೊಂಡಿ ಕೂರಿಸಿದ ಎರಡು ಚಿಪ್ಪಿಗೆ ಒಂದೊಂದನ್ನು ಹಾಕಿ ತೆಳು ಬಫರಿನಲ್ಲಿ ಓದಿದರೆ ಡಿರಾಕ್ ಬಿಂದು ವಿರುದ್ಧ ದಿಕ್ಕಿಗೆ ಸರಿಯಬೇಕು. ಎರಡೂ ಒಂದೇ ಕಡೆ ಸರಿದರೆ ನೀವು ಅಳೆಯುತ್ತಿರುವುದು ಪ್ರೋಟೀನನ್ನಲ್ಲ, ಉಳಿದ ಪಿಬೇಸೋ ಗೇಟಿನ ತೇಲಾಟವೋ ಇನ್ನೇನೋ.

ಮಳೆಗಾಲದ ಅಳತೆಗೆ ಕೆಲವು ಮಾತು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ, ಕಡಲ ಗಾಳಿಯ ಉಪ್ಪು ಸೇರಿದ ತೇವ ಪ್ಯಾಡ್‌ಗಳ ನಡುವೆ ಕಾಣದ ಪದರವಾಗಿ ಕೂತು ಸೋರಿಕೆ ಉಂಟುಮಾಡುತ್ತದೆ. ಪ್ರೋಬ್ ಇಳಿಸುವ ಮೊದಲು ಅಂಚಿನ ಪ್ಯಾಡ್‌ಗಳನ್ನು ಮಾತ್ರ ಐಸೊಪ್ರೊಪೈಲ್ ಹಚ್ಚಿದ ಹತ್ತಿಯಿಂದ ಒರೆಸಿ, ನಡುವಿಗೆ ತಾಗಬಾರದು. ಚಿಪ್ಪುಗಳನ್ನು ನೈಟ್ರೊಜನ್ ತುಂಬಿದ ಡೆಸಿಕೇಟರಿನಲ್ಲೇ ಇಡಿ, ನೀಲಿ ಸಿಲಿಕಾ ಜೆಲ್ ಗುಲಾಬಿಗೆ ತಿರುಗಿದ ದಿನವೇ ಓವನಿನಲ್ಲಿ 120 ಡಿಗ್ರಿಗೆ ಒಣಗಿಸಿ. ಕರೆಂಟು ಹೋಗಿ ಬರುವ ದಿನಗಳಲ್ಲಿ ಯುಪಿಎಸ್ ಮೇಲೆ ಅಳೆಯುವಾಗ, ಪ್ರತಿ ಓದಿಗೂ 20 ಮಿಲಿಸೆಕೆಂಡಿನ ಪೂರ್ಣ ಗುಣಕದಷ್ಟು ಸರಾಸರಿ ಹಿಡಿದರೆ 50 ಹರ್ಟ್ಸ್ ಗುಂಯ್‌ಗುಡಿಕೆ ಕಳೆದುಹೋಗುತ್ತದೆ. ಮಾಪನ ಶುರುಮಾಡುವ ಮೊದಲು ಬಫರಿನಲ್ಲಿ 30 ನಿಮಿಷ ಸುಮ್ಮನೆ ಬಿಡಿ. ಮೊದಲ ಅರ್ಧ ಗಂಟೆಯ ತೇಲಾಟ ಯಾವ ಪ್ರೋಟೀನಿನದ್ದೂ ಅಲ್ಲ.

ಒಮ್ಮೆ ಬಳಸಿದ ಚಿಪ್ಪನ್ನು ಬಿಸಿ ಡಿಎಂಎಫಿನಲ್ಲಿ ತೊಳೆದು ಮತ್ತೆ ಬಳಸಬಹುದು ಎನ್ನುವವರಿದ್ದಾರೆ. ಪೈರೀನ್ ಸ್ವಲ್ಪ ಹೋಗುತ್ತದೆ. ನೇರವಾಗಿ ಗ್ರಾಫೀನಿಗೆ ಅಂಟಿದ ಪ್ರೋಟೀನ್ ಹೋಗುವುದಿಲ್ಲ. ಕೈ ಪಳಗಿಸಲು ಸರಿ, ಅಂಕಿಅಂಶಕ್ಕೆ ಬೇಡ.

ಪ್ರೋಟೀನಿನ ಕೆಲಸ ಗೊತ್ತಿದ್ದು, ಅರೆವಾಹಕದ ಲ್ಯಾಬ್ ಇಲ್ಲದ, ವೋಲ್ಟೇಜ್ ಕೊಟ್ಟು ಕರೆಂಟು ಅಳೆಯುವ ಸೋರ್ಸ್–ಮೀಟರ್ ಮತ್ತು ಫ್ಯೂಮ್ ಹುಡ್ ಇರುವ ತಂಡಕ್ಕೆ ಈ ಚಿಪ್ಪು ಖಂಡಿತ ಸಲ್ಲುತ್ತದೆ. ಫ್ಯೂಮ್ ಹುಡ್ ಇಲ್ಲದವರು, ಎರಡೇ ಚಿಪ್ಪಿಗೆ ಹಣವಿರುವವರು ಸದ್ಯ ತರಿಸಬೇಡಿ. ತರಿಸುವವರು ಆ್ಯಂಟಿಬಾಡಿಯನ್ನೂ ಪಿಬೇಸನ್ನೂ ಮೇ ತಿಂಗಳೊಳಗೆ ತರಿಸಿಕೊಳ್ಳಿ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿದರೆ ಬೆಂಗಳೂರಿನಿಂದ ಹೊರಟ ತಣ್ಣನೆಯ ಪೊಟ್ಟಣ ಸುತ್ತು ದಾರಿಯಲ್ಲಿ ಬರುವಷ್ಟರಲ್ಲಿ ಒಳಗಿನ ಜೆಲ್ ಪ್ಯಾಕು ಬೆಚ್ಚಗಾಗಿರುತ್ತದೆ. ಪೊಟ್ಟಣದ ಒಳಗೆ ತಾಪಮಾನ ತೋರಿಸುವ ಪಟ್ಟಿ ಇಡಲು ಮಾರುವವರಿಗೆ ಹೇಳಿ, ಅದರ ಬಣ್ಣ ತಿರುಗಿದ್ದರೆ ಸಹಿ ಹಾಕುವ ಮೊದಲೇ ಫೋಟೊ ತೆಗೆದಿಟ್ಟುಕೊಳ್ಳಿ.